ಕೊಡಗಿನ ಬಿಸಿಲಿಗೆ ಕೊಡಗಿನದೇ ಜಾಗ್ರತೆ: ತೋಟದಿಂದ ಮದುವೆ ಮನೆವರೆಗೆ

ಬಿಸಿಲಿನ ಎಚ್ಚರಿಕೆ ಅಂದರೆ ಕಲಬುರಗಿ, ರಾಯಚೂರಿನವರಿಗೆ ಅಂದುಕೊಳ್ಳುವುದು ನಮ್ಮ ಕೊಡಗಿನವರ ಹಳೇ ಅಭ್ಯಾಸ. ಮಳೆ ವಿಷಯದಲ್ಲಿ ಹಾಗಲ್ಲ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಮೇಲೆ ರೆಡ್ ಅಲರ್ಟ್ ಅಂದರೆ ಏನು ಅಂತ ಮಕ್ಕಳಿಗೂ ಗೊತ್ತು. ಬಿಸಿಲಿಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ನಮ್ಮದು ತಂಪು ಊರು ಅಲ್ವಾ’ ಅಂತ ಸುಮ್ಮನಾಗುತ್ತಾರೆ.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕ ನೋಡಿದರೆ ಸುಮ್ಮನಿರುವ ಹಾಗಿಲ್ಲ. ಬಿಸಿಗಾಳಿ ಅಂತ ಹೇಳಬೇಕಾದರೆ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37. ಗುಡ್ಡಗಾಡಿಗೆ 30 ಡಿಗ್ರಿ ಸಾಕು. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು ಎನ್ನುವ ಷರತ್ತಿದೆ. ಗುಡ್ಡದವರಿಗೆ ಅಳತೆ ಇಷ್ಟು ಕೆಳಗಿಟ್ಟಿರುವುದಕ್ಕೆ ಕಾರಣ ಇದೆ. ಚಳಿಗೆ, ಮಳೆಗೆ ಒಗ್ಗಿದ ಮೈ ಬಿಸಿಗೆ ಬೇಗ ಸೋಲುತ್ತದೆ. ಮನೆಗಳೂ ಹಾಗೇ. ಮಡಿಕೇರಿಯ ಎಷ್ಟೋ ಹಳೇ ಮನೆಗಳಲ್ಲಿ ಫ್ಯಾನ್ ನೇತುಹಾಕಲು ಕೊಕ್ಕೆಯೇ ಇಲ್ಲ.

ಹಾಗಾಗಿ ಬಯಲುಸೀಮೆಗೆ ಅಂತ ಬರೆದ ಸಲಹೆಯನ್ನು ಹಾಗೇ ಇಲ್ಲಿಗೆ ತಂದರೆ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ನಮ್ಮ ಕಾಫಿ ತೋಟ, ನಮ್ಮ ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ), ನಮ್ಮ ರಸ್ತೆ ನೋಡಿಕೊಂಡು ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ನಿಮ್ಮ ಊರಿನ ಬಿಸಿ ಎಷ್ಟು ಅಂತ ತಿಳಿಯಿರಿ

ಮೊಬೈಲಿನಲ್ಲಿ ‘ಕೊಡಗು’ ಅಂತ ಹುಡುಕಿದರೆ ಸಾಮಾನ್ಯವಾಗಿ ಮಡಿಕೇರಿಯ ಅಂಕಿ ಬರುತ್ತದೆ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಕುಶಾಲನಗರ ಅದಕ್ಕಿಂತ ಸುಮಾರು 300 ಮೀಟರ್ ಕೆಳಗೆ. ಅಷ್ಟು ಇಳಿದರೆ ಎರಡು ಡಿಗ್ರಿಯಾದರೂ ಏರುತ್ತದೆ, ಮೇಲಿಂದ ಅಲ್ಲಿ ಮರದ ನೆರಳೂ ಕಮ್ಮಿ. ಸಂಪಾಜೆ, ಕರಿಕೆ ಕಡೆಯದ್ದು ಇನ್ನೊಂದು ಕಥೆ. ಘಟ್ಟದ ಬುಡ, ಕರಾವಳಿಯ ಸೆಕೆ. ಅಲ್ಲಿ ಬೆವರು ಆರುವುದೇ ಇಲ್ಲ.

ಬೆವರು ಆರದಿರುವುದೇ ಅಪಾಯ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಅದು ಆವಿಯಾಗಿ ಹೋದರೆ ತಣ್ಣಗಾಗುತ್ತದೆ. ಏಪ್ರಿಲ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಬಿಸಿಲು ಕಾದರೆ ಥರ್ಮಾಮೀಟರ್ 31 ತೋರಿಸುತ್ತಿದ್ದರೂ ಮೈಗೆ ಅದು ಜಾಸ್ತಿಯೇ. ಕಾಫಿ ಗಿಡಗಳ ಮಧ್ಯೆ ನೆರಳಿರುತ್ತದೆ ನಿಜ, ಆದರೆ ಗಾಳಿ ಆಡುವುದಿಲ್ಲ. ‘ನೆರಳಲ್ಲೇ ಇದ್ದೆವಲ್ಲ’ ಎನ್ನುವ ಧೈರ್ಯ ಬೇಡ.

ಹವಾಮಾನ ಇಲಾಖೆ ಜಿಲ್ಲೆವಾರು ಎಚ್ಚರಿಕೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಕೊಡುತ್ತದೆ. ಬೆಳಿಗ್ಗೆ ಕೆಲಸಕ್ಕೆ ಆಳು ಹಂಚುವ ಮೊದಲು ರೈಟರ್ (ತೋಟದ ಮೇಲ್ವಿಚಾರಕ) ಅದನ್ನೊಮ್ಮೆ ನೋಡಿದರೆ ಸಾಕು. ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ ಇದು ದಿನದ ಕೆಲಸವಾಗಲಿ.

ಮೈಯನ್ನು ನಿಧಾನಕ್ಕೆ ಒಗ್ಗಿಸಿ

ಬಿಸಿಲಿಗೆ ಬಿದ್ದವರ ವಿಷಯ ವಿಚಾರಿಸಿದರೆ ತುಂಬ ಸಲ ಒಂದೇ ಸಂಗತಿ ಹೊರಬರುತ್ತದೆ: ಅವರು ಕೆಲಸಕ್ಕೆ ಬಂದು ಒಂದೆರಡು ದಿನ ಆಗಿರುತ್ತದೆ, ಇಲ್ಲವೇ ಜ್ವರದಿಂದಲೋ ರಜೆಯಿಂದಲೋ ಆಗಷ್ಟೇ ವಾಪಸ್ ಬಂದಿರುತ್ತಾರೆ. ಮೈ ಬಿಸಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಮ್ಮಿಯಾಗುತ್ತದೆ, ಹೃದಯಕ್ಕೆ ಬೀಳುವ ಹೊರೆ ಇಳಿಯುತ್ತದೆ.

ಕೆಲಸದ ಜಾಗದ ಆರೋಗ್ಯ ನೋಡಿಕೊಳ್ಳುವ ತಜ್ಞರು ಇದಕ್ಕೊಂದು ಸುಲಭ ಲೆಕ್ಕ ಹೇಳುತ್ತಾರೆ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು ಮಾತ್ರ. ಆಮೇಲೆ ದಿನಕ್ಕೆ ಒಂದು ಪಾಲು ಏರಿಸುತ್ತಾ ಹೋಗಬೇಕು, ಐದನೇ ದಿನಕ್ಕೆ ಪೂರ್ತಿ. ಹಳಬರು ರಜೆ ಮುಗಿಸಿ ಬಂದಿದ್ದರೆ ಅರ್ಧದಿಂದ ಶುರು ಮಾಡಬಹುದು. ಉಳಿದ ಹೊತ್ತು ನೆರಳಿನಲ್ಲಿ ಮಾಡುವ ಹಗುರ ಕೆಲಸ ಕೊಡಿ. ಚೀಲ ಹೊಲಿಯುವುದೋ, ಕಾಳುಮೆಣಸು ಬಿಡಿಸುವುದೋ ಏನೋ ಒಂದು ಇದ್ದೇ ಇರುತ್ತದೆ.

ಅಸ್ಸಾಂನಿಂದ ಬಂದ ಕಾರ್ಮಿಕರ ಬಗ್ಗೆ ‘ಅವರಿಗೆ ಬಿಸಿಲು ಅಭ್ಯಾಸ ಇದೆ’ ಅಂತ ಹೇಳುವುದು ಕೇಳಿದ್ದೇನೆ. ಎರಡು ಮೂರು ದಿನ ರೈಲಿನಲ್ಲಿ ಕೂತು, ಸರಿಯಾಗಿ ಉಣ್ಣದೆ, ನಿದ್ದೆಗೆಟ್ಟು ಬಂದವರಿಗೆ ಯಾವ ಅಭ್ಯಾಸವೂ ನೆರವಿಗೆ ಬರುವುದಿಲ್ಲ. ತಲೆ ತಿರುಗಿದರೆ ಕನ್ನಡದಲ್ಲಿ ಹೇಗೆ ಹೇಳಬೇಕು ಅಂತಲೂ ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಜೋಡಿ ಮಾಡಿ ಬಿಡಿ. ಒಬ್ಬರ ಮೇಲೆ ಇನ್ನೊಬ್ಬರು ಕಣ್ಣಿಟ್ಟಿರಲಿ.

ಕೆಲಸದ ಹೊತ್ತು ಬದಲಿಸಿ, ಆದರೆ ಆನೆ ನೋಡಿಕೊಂಡು

‘ಬೆಳಿಗ್ಗೆ 6 ಗಂಟೆಗೇ ಕೆಲಸ ಶುರು ಮಾಡಿ, ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ.’ ಬಿಸಿಲಿನ ಸಲಹೆಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಇದು. ಎರಡನೇ ಅರ್ಧ ನಮಗೂ ಸರಿ. ಮೊದಲನೇ ಅರ್ಧ ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟದ ಕಡೆಯವರನ್ನು ಕೇಳಿ ನೋಡಿ. ನಸುಕಿನಲ್ಲಿ ಆನೆ ಇನ್ನೂ ತೋಟದಲ್ಲೇ ಇರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ಬಿಸಿಲು ತಪ್ಪಿಸಲು ಹೋಗಿ ಆನೆಗೆ ಸಿಕ್ಕಿಹಾಕಿಕೊಳ್ಳಬಾರದಲ್ಲ.

ಮಾಡಬೇಕಾದ್ದು ಹೀಗೆ. ಚೆನ್ನಾಗಿ ಬೆಳಕು ಹರಿಯಲಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಸಂದೇಶ ಬರುವ ಕಡೆ ಅದನ್ನು ನೋಡಿ, ಇಲ್ಲದಿದ್ದರೆ ತೋಟ ಗೊತ್ತಿರುವ ಇಬ್ಬರು ಒಂದು ಸುತ್ತು ಹಾಕಿ ಬರಲಿ. ಆಮೇಲೆ ಆಳುಗಳನ್ನು ಒಳಗೆ ಬಿಡಿ. ಇದರಿಂದ ಒಂದು ಗಂಟೆ ಹೋಗಬಹುದು. ಆ ಗಂಟೆಯನ್ನು ಮಧ್ಯಾಹ್ನ ಹಿಡಿಯಲು ಹೋಗಬೇಡಿ, ಸಂಜೆ ಕತ್ತಲೆಗೂ ಎಳೆಯಬೇಡಿ. ಬೇಸಿಗೆಯ ಎರಡು ತಿಂಗಳು ಕೆಲಸ ಸ್ವಲ್ಪ ಕಮ್ಮಿಯೇ ಆಗುತ್ತದೆ ಅಂತ ಒಪ್ಪಿಕೊಳ್ಳುವುದು ಲೇಸು.

ದಿನದೊಳಗೆ ಕೆಲಸದ ಸರದಿ ಬದಲಿಸುವುದು ಇನ್ನೂ ಮುಖ್ಯ. ಮೆಣಸು ಕುಯ್ಯಲು ಏಣಿ ಹತ್ತುವುದು ಬೆಳಗ್ಗಿನ ಕೆಲಸವಾಗಿರಲಿ. ಏಣಿಯ ತುದಿಯಲ್ಲಿರುವವನಿಗೆ ನೆರಳು ಇರುವುದಿಲ್ಲ, ಬುಡದಲ್ಲಿ ನಿಂತವನಿಗೆ ಇರುತ್ತದೆ. ತುದಿಯಲ್ಲಿ ಒಂದು ಕ್ಷಣ ಕಣ್ಣು ಕತ್ತಲೆ ಬಂದರೂ 20 ಅಡಿ ಕೆಳಗೆ ಬೀಳುತ್ತಾನೆ. ಮೈ ಬೆವತು ತೋಯ್ದಿರುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಯ ಹತ್ತಿರ ಹೋದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮರ ಕಪಾತು ಮಾಡುವವರಿಗೂ (ಕೊಂಬೆ ಕಡಿಯುವವರಿಗೂ) ಇದೇ ಮಾತು.

ಇನ್ನು ಕಾಫಿ ಒಣಗಿಸುವ ಕಣ. ತೋಟದಲ್ಲೆಲ್ಲ ಅತಿ ಬಿಸಿಯಾದ ಜಾಗ ಯಾವುದು ಅಂದರೆ ಇದೇ. ಸಿಮೆಂಟ್ ನೆಲ ಬೆಳಗ್ಗಿನಿಂದ ಬಿಸಿಲು ಕುಡಿದು ಮಧ್ಯಾಹ್ನಕ್ಕೆ ಕೆಳಗಿನಿಂದ ಉಗುಳುತ್ತದೆ. ತಲೆಗೆ ಟೋಪಿ ಇದ್ದರೂ ಮುಖ, ಎದೆ, ಕಾಲಿಗೆ ಝಳ ಹೊಡೆಯುತ್ತಲೇ ಇರುತ್ತದೆ. ರೊಬಸ್ಟಾ ಕಾಫಿ ಹರಡಿ ತಿರುವುವ ಕೆಲಸ ಸಾಮಾನ್ಯವಾಗಿ ವಯಸ್ಸಾದ ಹೆಂಗಸರ ಪಾಲಿಗೆ ಬರುತ್ತದೆ, ಅದೂ ಬರಿಗಾಲಲ್ಲಿ. ಕಾಫಿಯನ್ನು ಬೆಳಿಗ್ಗೆ 10ರ ಒಳಗೆ ಒಮ್ಮೆ, 3ರ ನಂತರ ಒಮ್ಮೆ ತಿರುವಿಸಿ. ನಡುಮಧ್ಯಾಹ್ನ ತಿರುವಲೇಬೇಕಾದರೆ ಹತ್ತು ಹತ್ತು ನಿಮಿಷಕ್ಕೆ ಜನ ಬದಲಾಗಲಿ, ಕಾಲಿಗೆ ಚಪ್ಪಲಿ ಇರಲಿ. ಔಷಧಿ ಹೊಡೆಯುವವರು ಕೋಟು, ಮಾಸ್ಕ್, ಗ್ಲೌಸ್ ಹಾಕಲೇಬೇಕು. ಅದರೊಳಗೆ ಮೈ ಬೇಯುತ್ತದೆ ಅಂತ ಬಿಚ್ಚಿಟ್ಟು ಹೊಡೆಯುವುದಕ್ಕಿಂತ ಆ ಕೆಲಸವನ್ನು ಬೆಳಿಗ್ಗೆ ಮುಗಿಸುವುದೇ ಸರಿ.

ವಿಶ್ರಾಂತಿಯ ಬಗ್ಗೆ ಬೆಳೆಗಾರರಿಗೆ ಒಂದು ಮಾತು. ಕೆ.ಜಿ. ಲೆಕ್ಕದಲ್ಲಿ ಕುಯ್ಯುವವರು ತಾವಾಗಿ ಕೂರುವುದಿಲ್ಲ. ಕೂತಷ್ಟೂ ಸಂಬಳ ಹೋಗುತ್ತದೆ. ‘ಸುಸ್ತಾದರೆ ಕೂತುಕೊಳ್ಳಿ ಅಂದಿದ್ದೆನಲ್ಲ’ ಅಂದರೆ ಅದು ಬಾಯಿಮಾತು. ಸೀಟಿ ಹೊಡೆದು ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಆ ಹೊತ್ತಿಗೂ ಕೂಲಿ ಕೊಡಿ. ಆಗ ಮಾತ್ರ ವಿಶ್ರಾಂತಿ ನಡೆಯುತ್ತದೆ.

ನೀರು, ಉಪ್ಪು, ಮತ್ತೆ ಕಾಫಿಯ ಪ್ರಶ್ನೆ

ಬಾಯಾರಿಕೆ ಆಗುವ ಹೊತ್ತಿಗೆ ಮೈಯಲ್ಲಿ ನೀರು ಆಗಲೇ ಇಳಿದಿರುತ್ತದೆ. ಬಿಸಿಲಲ್ಲಿ ಕೆಲಸ ಮಾಡುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200ರಿಂದ 250 ಎಂಎಲ್ ಕುಡಿಯಬೇಕು. ಒಂದೇ ಸಲ ಒಂದು ಬಾಟಲಿ ಗಟಗಟ ಇಳಿಸಿದರೆ ಹೊಟ್ಟೆ ಉಬ್ಬರಿಸುತ್ತದೆ ಅಷ್ಟೇ. ಗಂಟೆಗೆ ಒಂದೂವರೆ ಲೀಟರ್ ದಾಟುವುದೂ ಬೇಡ. ಬರೀ ನೀರು ಅತಿಯಾದರೆ ರಕ್ತದಲ್ಲಿ ಉಪ್ಪು ತೆಳುವಾಗಿ ಅದೇ ಒಂದು ಕಾಯಿಲೆಯಾಗುತ್ತದೆ.

ನೀರು ಕೆಲಸದ ಜಾಗಕ್ಕೇ ಬರಬೇಕು. ಕೆಳಗೆ ಹಳ್ಳದ ಹತ್ತಿರ ಡ್ರಮ್ ಇಟ್ಟು ‘ನೀರಿದೆ’ ಅಂದರೆ ಗುಡ್ಡ ಇಳಿದು ಯಾರು ಹೋಗುತ್ತಾರೆ? ತೋಟದಲ್ಲಿ ಕುಡಿಯುವ ನೀರು ಕೊಡುವುದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂದ ಕಾಲದಿಂದಲೂ ಮಾಲೀಕರ ಹೊಣೆ. ಹೆಂಗಸರು ನೀರು ಕಮ್ಮಿ ಕುಡಿಯುವುದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಅವರು ರೈಟರ್ ಹತ್ತಿರ ಹೇಳುವುದಿಲ್ಲ: ಮೂತ್ರಕ್ಕೆ ಹೋಗಲು ಜಾಗ ಇಲ್ಲ. ಹತ್ತಿರದಲ್ಲಿ ಮರೆ ಮಾಡಿ ಒಂದು ಜಾಗ ಮಾಡಿಕೊಟ್ಟರೆ ನೀರು ತಾನಾಗಿ ಒಳಗೆ ಹೋಗುತ್ತದೆ.

ಬೇಸಿಗೆಯಲ್ಲಿ ಬಾವಿ ಇಳಿದಿರುತ್ತದೆ, ಹಳ್ಳ ಕಟ್ಟಿ ನಿಂತಿರುತ್ತದೆ. ಕುದಿಸಿ ಆರಿಸಿದ ನೀರೇ ಬೇಕು. ವಾಂತಿ ಭೇದಿ ಆಗಿ ಮೈ ಒಣಗಿದವನು ಬಿಸಿಲಿಗೆ ಹೋದರೆ ಬೀಳುವುದು ಖಂಡಿತ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿ ತಿಳಿ, ರಾಗಿ ಅಂಬಲಿ, ಉಪ್ಪು ಸಕ್ಕರೆ ಎರಡೂ ಇರುವ ನಿಂಬೆ ಶರಬತ್ತು, ಎಳನೀರು, ಯಾವುದಾದರೂ ಆಗುತ್ತದೆ. ಮಧ್ಯಾಹ್ನದ ಬುತ್ತಿಗೆ ಗಂಜಿ, ಉಪ್ಪಿನಕಾಯಿ ಕಟ್ಟಿಕೊಂಡು ಬರುವವರು ಯಾರೂ ಹೇಳಿಕೊಡದೆ ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ತುಂಬ ಬೆವತು ಸುಸ್ತಾದವರಿಗೆ ಓಆರ್‌ಎಸ್ ಒಳ್ಳೆಯದು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿ ಕುಡಿಸುವುದು ತಪ್ಪು, ಅಷ್ಟು ಗಟ್ಟಿಯಾದರೆ ತೊಂದರೆಯೇ ಜಾಸ್ತಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ, ಮೇಲೆ ಗೋಪುರ ಕಟ್ಟದೆ ಸಮ ಮಾಡಿದ್ದು. ಕರಗಿಸಿದ್ದನ್ನು ಆ ದಿನವೇ ಮುಗಿಸಿ, ಉಳಿದರೆ ಚೆಲ್ಲಿ. ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡದ ಪಾನೀಯಕ್ಕೆ ಆ ಹೆಸರು ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರಲ್ಲಿ ಆದೇಶ ಹೊರಡಿಸಿದೆ.

ಈಗ ಕಾಫಿ. ಬಿಸಿಲಲ್ಲಿ ಕಾಫಿ, ಟೀ ಬೇಡ ಅಂತ ಸರ್ಕಾರಿ ಪಟ್ಟಿಯಲ್ಲಿ ಇರುತ್ತದೆ. ಕೊಡಗಿನಲ್ಲಿ ಹಾಗೆ ಹೇಳಿದರೆ ಕೇಳುವವರು ಯಾರು? ದಿನಾ ಕುಡಿಯುವವರಿಗೆ ಎರಡು ಮೂರು ಲೋಟ ಕಾಫಿಯಿಂದ ಮೈಯ ನೀರೇನೂ ಬತ್ತುವುದಿಲ್ಲ. ಬೆಲ್ಲದ ಕಾಫಿ ಕುಡಿಯಿರಿ, ಆದರೆ ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಡಿ. ಮದ್ಯದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಸಂತೆ ದಿನ ರಾತ್ರಿ ಕುಡಿದು, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಬಂದವನು ಆ ದಿನ ಏಣಿ ಹತ್ತುವುದು ಬೇಡ.

ಸಾಕಷ್ಟು ಕುಡಿದಿದ್ದೀರಾ ಅಂತ ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿ ಆಗಿದ್ದರೆ, ಬೆಳಗ್ಗಿನಿಂದ ಹೋಗಿಯೇ ಇಲ್ಲ ಅಂದರೆ ನೆರಳಿಗೆ ಬಂದು ಕೂತು ಕುಡಿಯಿರಿ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಬೇಸಿಗೆಗೆ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಮನೆ ತಣ್ಣಗಿಡುವುದು

ನಮಗೊಂದು ಅನುಕೂಲ ಇದೆ. ಹಗಲು ಎಷ್ಟೇ ಕಾದರೂ ರಾತ್ರಿ ತಂಪಾಗುತ್ತದೆ. ಅದನ್ನು ಒಳಗೆ ಹಿಡಿದಿಟ್ಟುಕೊಳ್ಳಬೇಕು. ರಾತ್ರಿ ಕಿಟಕಿ ತೆಗೆದಿಡಿ (ಸೊಳ್ಳೆಗೆ ಜಾಲರಿ ಇರಲಿ), ಬೆಳಿಗ್ಗೆ 9ರ ಹೊತ್ತಿಗೆ ಬಿಸಿಲು ಬೀಳುವ ಕಡೆಯವನ್ನೆಲ್ಲ ಮುಚ್ಚಿ ಪರದೆ ಎಳೆಯಿರಿ. ನಮ್ಮಲ್ಲಿ ಮಾಡುವುದು ಇದರ ಉಲ್ಟಾ. ಚಳಿ ಅಂತ ರಾತ್ರಿ ಮುಚ್ಚಿ, ಗಾಳಿ ಬರಲಿ ಅಂತ ಮಧ್ಯಾಹ್ನ ತೆಗೆಯುತ್ತೇವೆ. ಫ್ಯಾನ್ ಇದ್ದರೆ ಹಾಕಿ. 40 ಡಿಗ್ರಿ ದಾಟಿದಲ್ಲಿ ಫ್ಯಾನ್ ಬಿಸಿಗಾಳಿಯನ್ನೇ ಬೀಸುತ್ತದೆ, ನಮ್ಮಲ್ಲಿ ಅಷ್ಟು ಆಗುವುದಿಲ್ಲವಾದ್ದರಿಂದ ಉಪಯೋಗವೇ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಅದರ ಎದುರು ಕೂತರೆ ಇನ್ನೂ ಒಳ್ಳೆಯದು.

ಹಂಚಿನ ಮನೆಗಳಲ್ಲಿ ಅಷ್ಟು ಕಷ್ಟ ಇಲ್ಲ. ಶೀಟ್ ಹೊದೆಸಿದ ಲೈನ್ ಮನೆಗಳದ್ದೇ ಪಾಡು. ಮಾಡು ತಗ್ಗು, ಕಿಟಕಿ ಒಂದೇ, ಒಲೆ ಒಳಗೇ. ಶೀಟಿನ ಮೇಲ್ಭಾಗಕ್ಕೆ ಮಾರ್ಚ್‌ನಲ್ಲೇ ದಪ್ಪಗೆ ಸುಣ್ಣ ಬಳಿಸಿದರೆ ಒಳಗಿನ ಬಿಸಿ ಗೊತ್ತಾಗುವಷ್ಟು ಇಳಿಯುತ್ತದೆ. ಸೋಗೆಯನ್ನೋ ಒಣಹುಲ್ಲನ್ನೋ ಮೇಲೆ ಹರಡುವವರೂ ಇದ್ದಾರೆ. ಒಲೆಯ ಕಿಡಿ ಹಾರುವ ಕಡೆ ಅದು ಬೇಡ, ಒದ್ದೆ ಗೋಣಿಚೀಲ ಆಗಬಹುದು. ಮಧ್ಯಾಹ್ನದ ಅಡುಗೆಯನ್ನು ಹೊರಗೆ ಮರದ ಕೆಳಗೆ ಇಟ್ಟುಕೊಂಡರೆ ಮನೆಯೊಳಗೆ ಅರ್ಧ ಬಿಸಿ ಕಮ್ಮಿ.

ವಯಸ್ಸಾದವರು, ಮಕ್ಕಳು, ಬಸುರಿಯರು

ತೋಟದ ಮನೆಗಳಲ್ಲಿ ಇಬ್ಬರೇ ವಯಸ್ಸಾದವರು ಇರುವುದು, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವುದು ಈಗ ಸಾಮಾನ್ಯ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಮ್ಮಿಯಾಗುತ್ತದೆ, ಬೆವರುವುದೂ ಕಮ್ಮಿ. ಅಭ್ಯಾಸಬಲದಿಂದ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಇರುತ್ತಾರೆ. ದೂರದಲ್ಲಿರುವವರು ದಿನಕ್ಕೆ ಎರಡು ಸಲ ಫೋನ್ ಮಾಡಿ. ‘ಹೇಗಿದ್ದೀರಾ’ ಅಂದರೆ ‘ಚೆನ್ನಾಗಿದ್ದೇವೆ’ ಅಂತಲೇ ಹೇಳುತ್ತಾರೆ. ‘ಬೆಳಗ್ಗಿನಿಂದ ಎಷ್ಟು ಲೋಟ ನೀರು ಕುಡಿದಿರಿ, ಊಟಕ್ಕೆ ಏನಿತ್ತು’ ಅಂತ ಕೇಳಿ. ಮಾತು ತೊದಲುತ್ತಿದೆ, ಹೇಳಿದ್ದನ್ನೇ ಹೇಳುತ್ತಿದ್ದಾರೆ ಅನ್ನಿಸಿದರೆ ಕೂಡಲೇ ಪಕ್ಕದ ಮನೆಯವರನ್ನು ಕಳಿಸಿ.

ಬಿಪಿಗೆ ಕೊಡುವ ಕೆಲವು ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಔಷಧಿ ಬಿಸಿಲಿನ ಹೊಡೆತ ಹೆಚ್ಚಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಇನ್ಸುಲಿನ್ ಇರುವ ಮನೆಯಲ್ಲಿ ದಿನಗಟ್ಟಲೆ ಕರೆಂಟ್ ಹೋದರೆ ಅದನ್ನು ನೀರು ಹಾಕಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಡಬ್ಬದಲ್ಲಿಡಿ.

ಆರು ತಿಂಗಳೊಳಗಿನ ಮಗುವಿಗೆ ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲನ್ನೇ ಜಾಸ್ತಿ ಸಲ ಕೊಡಿ. ತಾಯಿ ನೀರು ಕುಡಿಯಬೇಕು. ತೋಟದಲ್ಲಿ ಮರಕ್ಕೆ ಸೀರೆ ಜೋಲಿ ಕಟ್ಟಿ ಮಗು ಮಲಗಿಸುವವರು, ಬಿಸಿಲು ಬೀಳದಿರಲಿ ಅಂತ ಮೇಲೆ ಇನ್ನೊಂದು ಬಟ್ಟೆ ಹೊದೆಸುತ್ತಾರೆ. ಒಳಗೆ ಗಾಳಿಯಾಡದೆ ಮಗು ಬೆಂದುಹೋಗುತ್ತದೆ. ಬಟ್ಟೆ ಹಾಕುವ ಬದಲು ಜೋಲಿಯ ಜಾಗ ಬದಲಿಸಿ. ಸೂರ್ಯ ಸರಿದಂತೆ ನೆರಳೂ ಸರಿಯುತ್ತದೆ, ಒಬ್ಬರು ನೋಡಿಕೊಳ್ಳುತ್ತಿರಲಿ. ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಐದು ನಿಮಿಷಕ್ಕೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗೆ ಸುಮಾರು 10 ಡಿಗ್ರಿ ಏರುತ್ತದೆ.

ಶಾಲೆಗೆ ರಜೆ ಸಿಕ್ಕ ಮಕ್ಕಳು ಸೆಕೆಗೆ ಹೊಳೆಗೆ ಹೋಗುತ್ತಾರೆ. ಕಾವೇರಿ ಬೇಸಿಗೆಯಲ್ಲಿ ಮೇಲೆ ಸಣ್ಣಗೆ ಹರಿಯುತ್ತಿದ್ದರೂ ಬಂಡೆಗಳ ಮಧ್ಯೆ ಗುಂಡಿಗಳು ಆಳವಾಗಿಯೇ ಇರುತ್ತವೆ. ದೊಡ್ಡವರಿಲ್ಲದೆ ಕಳಿಸಬೇಡಿ.

ಮದುವೆ, ಹಾಕಿ, ಊರ ಹಬ್ಬ

ನಮ್ಮಲ್ಲಿ ಸಂಭ್ರಮಗಳೆಲ್ಲ ಬರುವುದು ಬಿಸಿಲಲ್ಲೇ. ಏಪ್ರಿಲ್, ಮೇ ಮದುವೆಯ ಕಾಲ. ಕೊಡವರ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ (ನಡುಪಟ್ಟಿ) ಬಿಗಿದು ಮಧ್ಯಾಹ್ನ ಮಂಟಪದ ಅಂಗಳದಲ್ಲಿ ವಾಲಗಕ್ಕೆ ಕುಣಿಯುವುದು ಚೆಂದವೇ. ಕಪ್ಪು ಬಟ್ಟೆ ಬಿಸಿಲು ಹೀರುತ್ತದೆ, ಕುಣಿದರೆ ಮೈಯೊಳಗಿನ ಬಿಸಿಯೂ ಸೇರುತ್ತದೆ, ಕೈಯಲ್ಲಿ ಗ್ಲಾಸೂ ಇದ್ದರೆ ಮೂರೂ ಕೂಡಿತು. ಸಂಪ್ರದಾಯ ಬಿಡಿ ಅಂತ ನಾನು ಹೇಳುವುದಿಲ್ಲ. ಒಳಗೆ ತೆಳು ಹತ್ತಿಯ ಬನಿಯನ್ ಇರಲಿ, ಶಾಸ್ತ್ರ ಮುಗಿದ ಮೇಲೆ ಕುಪ್ಯ ಕಳಚಿ ಇಡಿ, ಪ್ರತಿ ಪೆಗ್ಗಿಗೆ ಎರಡು ಲೋಟ ನೀರು. ಮದುವೆ ಮನೆಯವರು ಬಾರ್ ಕೌಂಟರ್ ಪಕ್ಕದಲ್ಲೇ ಒಂದು ಮಜ್ಜಿಗೆ ಹಂಡೆ ಇಡಿಸಿ.

ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಬೇಸಿಗೆಯ ಆಟವೇ. ಆಡುವವರಲ್ಲಿ ದಿನಾ ಓಡುವ ಹುಡುಗರೂ ಇರುತ್ತಾರೆ, ವರ್ಷಕ್ಕೊಮ್ಮೆ ಕುಟುಂಬದ ಮರ್ಯಾದೆಗೆ ಸ್ಟಿಕ್ ಹಿಡಿಯುವ ಐವತ್ತು ದಾಟಿದ ಅಣ್ಣಂದಿರೂ ಇರುತ್ತಾರೆ. ನನಗೆ ಚಿಂತೆ ಎರಡನೆಯವರದ್ದು. ಪಂದ್ಯಕ್ಕೆ ಎರಡು ವಾರ ಮೊದಲೇ ಸಂಜೆ ಬಿಸಿಲಲ್ಲಿ ದಿನಾ ಅರ್ಧ ಗಂಟೆ ಓಡಿ. ಮಧ್ಯಾಹ್ನದ ಪಂದ್ಯ ಬಿದ್ದರೆ ಆಟಗಾರರನ್ನು ಬೇಗ ಬೇಗ ಬದಲಿಸಿ. ಮೈದಾನದ ಅಂಚಿನಲ್ಲಿ ಐಸ್ ನೀರಿನ ಬಕೆಟ್, ಅದರಲ್ಲಿ ಟವೆಲ್ ಇರಲಿ. ಗ್ಯಾಲರಿಯಲ್ಲಿ ಕೂರುವವರು ಕೊಡೆ ತನ್ನಿ.

ಮೈ ಕೊಡುವ ಸುಳಿವು

ಮೊದಲು ಬರುವುದು ಸಾಮಾನ್ಯವಾಗಿ ಬೆವರುಸಾಲೆ, ಮೀನಖಂಡದಲ್ಲೋ ಹೊಟ್ಟೆಯಲ್ಲೋ ಹಿಡಿದುಕೊಳ್ಳುವುದು. ಕೆಲಸ ನಿಲ್ಲಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ. ಮುಂದಿನದು ಬಳಲಿಕೆ: ತಲೆನೋವು, ತಲೆ ತಿರುಗು, ವಾಕರಿಕೆ, ವಿಪರೀತ ಬೆವರು, ನಾಡಿ ಓಟ. ನೆರಳಿಗೆ ಕರೆತಂದು, ಕಾಲು ಸ್ವಲ್ಪ ಎತ್ತರಿಸಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಚೇತರಿಸಿದರೂ ಆ ದಿನ ಮತ್ತೆ ಕೆಲಸಕ್ಕೆ ಬೇಡ.

ಇದರ ಮುಂದಿನದು ಜೀವಕ್ಕೇ ಕುತ್ತು. ಅದನ್ನೇ ಹೀಟ್ ಸ್ಟ್ರೋಕ್ ಅನ್ನುವುದು. ಮೈಯ ಒಳಗಿನ ಬಿಸಿ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿ ಮಿದುಳಿಗೆ ಹೊಡೆಯುತ್ತದೆ. ಗುರುತು ಹಿಡಿಯುವುದು ತಲೆಯ ಸ್ಥಿತಿಯಿಂದ. ಹೆಸರು ಕೇಳಿದರೆ ಏನೋ ಹೇಳುವುದು, ಸಿಟ್ಟಾಗುವುದು, ಕುಡಿದವರ ಹಾಗೆ ತೂರಾಡುವುದು, ಫಿಟ್ಸ್, ಎಚ್ಚರ ತಪ್ಪುವುದು. ‘ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾನೆ’ ಅಂತ ಬಯ್ದು ಮರದ ಕೆಳಗೆ ಮಲಗಿಸಿ ಹೋಗುವುದು ಇಲ್ಲೇ. ಮೈ ಒಣಗಿರಬೇಕು ಅಂತೇನೂ ಇಲ್ಲ. ದುಡಿಯುತ್ತಾ ಬಿದ್ದವರು ಬೆವರಿನಲ್ಲಿ ತೋಯ್ದಿರುತ್ತಾರೆ. ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ ಕಮ್ಮಿ ತೋರಿಸಬಹುದು, ಅದನ್ನು ನಂಬಿ ಕೂರಬೇಡಿ. ಬಿಸಿಲಲ್ಲಿದ್ದ ಮನುಷ್ಯನ ಮಾತು ಹದ ತಪ್ಪಿದರೆ ಹೀಟ್ ಸ್ಟ್ರೋಕ್ ಅಂತಲೇ ತಿಳಿದು ಮುಂದುವರಿಯಿರಿ.

ಬಿದ್ದಲ್ಲೇ ತಣ್ಣಗೆ ಮಾಡಿ, ಆಮೇಲೆ ಗಾಡಿ ಹತ್ತಿಸಿ

ಯಾರಾದರೂ ಬಿದ್ದರೆ ಎತ್ತಿ ಜೀಪಿಗೆ ಹಾಕಿಕೊಂಡು ಓಡುವುದು ನಮ್ಮ ಗುಣ. ಹೀಟ್ ಸ್ಟ್ರೋಕಿನಲ್ಲಿ ಅದೇ ಮುಳುವಾಗುತ್ತದೆ. ಒಳತೋಟದಿಂದ ಮಡಿಕೇರಿಯ ಜಿಲ್ಲಾಸ್ಪತ್ರೆ ಮುಟ್ಟಲು ತಿರುವಿನ ರಸ್ತೆಯಲ್ಲಿ ಒಂದು ಗಂಟೆ ಸುಲಭವಾಗಿ ಹೋಗುತ್ತದೆ. ಮಿದುಳು, ಕಿಡ್ನಿ, ಲಿವರ್ ಉಳಿಯಬೇಕಾದರೆ ಅರ್ಧ ಗಂಟೆಯೊಳಗೆ ಮೈ ತಣ್ಣಗಾಗಬೇಕು. ಲೆಕ್ಕ ನೀವೇ ಹಾಕಿ.

ಒಬ್ಬರು 108ಕ್ಕೆ ಫೋನ್ ಮಾಡಲಿ. ತೋಟದ ಹೆಸರು ಹೇಳಿದರೆ ಅವರಿಗೆ ಗೊತ್ತಾಗುವುದಿಲ್ಲ. ಮುಖ್ಯ ರಸ್ತೆಯ ಬಸ್ ಸ್ಟಾಪ್, ಶಾಲೆ, ಹಾಲಿನ ಡೇರಿ, ಇಂಥ ಗುರುತು ಹೇಳಿ, ಅಲ್ಲಿ ಒಬ್ಬನನ್ನು ನಿಲ್ಲಿಸಿ. ತೋಟದಲ್ಲಿ ಎಲ್ಲಿ ನೆಟ್‌ವರ್ಕ್ ಸಿಗುತ್ತದೆ ಅಂತ ಎಲ್ಲ ಕೆಲಸದವರಿಗೂ ಮೊದಲೇ ತೋರಿಸಿಟ್ಟಿರಬೇಕು. 108 ಸಿಗದಿದ್ದರೆ 112.

ಉಳಿದವರು ಅಷ್ಟರಲ್ಲಿ ನೀರು ತನ್ನಿ. ನೆರಳಿಗೆ ಎಳೆದು, ಮೈಮೇಲಿನ ಬಟ್ಟೆ ಆದಷ್ಟು ತೆಗೆದು, ತಲೆಯಿಂದ ಕಾಲಿನವರೆಗೆ ನೀರು ಸುರಿಯಿರಿ, ಸುರಿಯುತ್ತಲೇ ಇರಿ. ಹತ್ತಿರದಲ್ಲಿ ಸ್ಪ್ರಿಂಕ್ಲರ್ ಓಡುತ್ತಿದ್ದರೆ ಜೆಟ್ ಕಳಚಿ ಪೈಪಿನ ನೀರನ್ನೇ ಬಿಡಿ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ) ತೊಟ್ಟಿಯೋ ನೀರಿನ ಟ್ಯಾಂಕೋ ಇದ್ದರೆ ಕುತ್ತಿಗೆವರೆಗೆ ಮುಳುಗಿಸಿ, ಇಬ್ಬರು ತಲೆ ಹಿಡಿದುಕೊಂಡೇ ಇರಬೇಕು. ಟಾರ್ಪಾಲು ಹಾಸಿ ಅದರ ನಾಲ್ಕು ಅಂಚನ್ನೂ ಎತ್ತಿ ಹಿಡಿದು ನೀರು ತುಂಬಿಸಿದರೂ ತೊಟ್ಟಿಯಾಗುತ್ತದೆ. ಔಷಧಿ ಹೊಡೆಯುವ ಕ್ಯಾನ್ ಮಾತ್ರ ಮುಟ್ಟಬೇಡಿ, ಎಷ್ಟು ತೊಳೆದಿದ್ದರೂ ಬೇಡ. ನೀರು ಕಮ್ಮಿ ಇದ್ದರೆ ಬಟ್ಟೆ ಒದ್ದೆ ಮಾಡಿ ಮೈಗೆಲ್ಲ ಹೊದೆಸಿ, ಗೋಣಿಯಿಂದಲೋ ಬಾಳೆ ಎಲೆಯಿಂದಲೋ ಜೋರಾಗಿ ಗಾಳಿ ಹಾಕಿ. ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಇಡಿ.

ಎಚ್ಚರ ಸರಿಯಾಗಿಲ್ಲದವರಿಗೆ ನೀರು ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಜ್ವರದ ಬಿಸಿಗೆ, ಇದಕ್ಕೆ ಕೆಲಸ ಮಾಡುವುದಿಲ್ಲ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ನೀರು ಹಾಕುತ್ತಿರಿ. ನಡುಕ ಶುರುವಾಗುವವರೆಗೆ ಅಥವಾ ಸರಿಯಾಗಿ ಮಾತಾಡುವವರೆಗೆ ನಿಲ್ಲಿಸಬೇಡಿ. ಗಾಡಿ ಹತ್ತಿಸಿದ ಮೇಲೂ ಕಿಟಕಿ ತೆಗೆದು, ಒದ್ದೆ ಬಟ್ಟೆ, ನೀರಿನ ಕ್ಯಾನ್ ಜೊತೆಗಿಟ್ಟುಕೊಂಡು ದಾರಿಯುದ್ದಕ್ಕೂ ಮುಂದುವರಿಸಿ.

ಆಸ್ಪತ್ರೆಯಲ್ಲಿ ಎಷ್ಟು ಹೊತ್ತಿಗೆ ಬಿದ್ದರು, ಎಷ್ಟು ಹೊತ್ತು ನೀರು ಹಾಕಿದಿರಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಔಷಧಿ ಹೊಡೆಯುವ ಕೆಲಸದಲ್ಲಿದ್ದರಾ ಅಂತ ಹೇಳಿ. ಕೊನೆಯದು ಮುಖ್ಯ, ಕೀಟನಾಶಕದ ವಿಷಕ್ಕೂ ಬೆವರು, ವಾಂತಿ, ಗೊಂದಲ ಬರುತ್ತದೆ.

ಹೀಟ್ ಸ್ಟ್ರೋಕಿನಿಂದ ಉಳಿದವರು ನೋಡಲು ಎರಡು ಮೂರು ದಿನದಲ್ಲಿ ಸರಿಯಾದಂತೆ ಕಾಣಬಹುದು. ಮೈ ಮಾತ್ರ ವಾರಗಟ್ಟಲೆ ಬಿಸಿ ತಡೆಯುವ ಹಾಗಿರುವುದಿಲ್ಲ. ಡಾಕ್ಟರು ಹೇಳುವವರೆಗೆ ಬಿಸಿಲಿನ ಕೆಲಸಕ್ಕೆ ಕರೆಯಬೇಡಿ, ಕರೆದ ಮೇಲೂ ಹೊಸಬರ ಹಾಗೆ ಐದರಲ್ಲಿ ಒಂದು ಪಾಲಿನಿಂದಲೇ ಶುರು ಮಾಡಿಸಿ. ಸಂಬಳ ಹೋಗುತ್ತದೆ ಅಂತ ಅವರೇ ಬೇಗ ಬರಲು ನೋಡುತ್ತಾರೆ. ಆ ದಿನಗಳಿಗೆ ಕೂಲಿ ಏನು ಮಾಡುವುದು ಅಂತ ಆಸ್ಪತ್ರೆಯಿಂದ ಬಂದ ದಿನವೇ ಮಾತಾಡಿ ಮುಗಿಸಿಬಿಡಿ.